ಒಂದು ಪ್ಯಾಡ್ ಸವೆದು ಇನ್ನೊಂದು ಹಾಗೇ ಉಳಿದರೆ

ಪ್ರಶ್ನೆ: ಅಣ್ಣಾರ, ನಾನು ರಾಮದುರ್ಗದ ಕಡೆಯವನು. ಗೋವಾದ ವಾಸ್ಕೊದಲ್ಲಿ ಪೈಲಟ್ ಕೆಲಸ, ಅಂದರೆ ಬಾಡಿಗೆಗೆ ಬೈಕ್ ಓಡಿಸುವುದು, ಮನೆ ಬಾಯ್ನಾದಲ್ಲಿ, ಸಮುದ್ರದ ಮಗ್ಗುಲಿಗೇ. ಗಾಡಿ 2009ರ ಪಲ್ಸರ್ 150. ಗಣಪತಿ ಹಬ್ಬಕ್ಕೆ ಮುಂದಿನ ಬ್ರೇಕ್ ಪ್ಯಾಡ್ ಹಾಕಿಸಿದ್ದೆ. ಮೂರೂವರೆ ತಿಂಗಳಿಗೇ ಕರಕರ ಸದ್ದು. ಬಗ್ಗಿ ನೋಡಿದರೆ ಒಂದು ಪ್ಯಾಡ್ ಕಬ್ಬಿಣಕ್ಕೆ ಬಂದಿದೆ, ಇನ್ನೊಂದು ಅರ್ಧವೂ ಸವೆದಿಲ್ಲ. ಗ್ಯಾರೇಜಿನವರು ಚಕ್ರದ ಡಿಸ್ಕ್, ಪ್ಯಾಡ್ ಹಿಡಿದಿರುವ ಕ್ಯಾಲಿಪರ್ ಎರಡೂ ಹೊಸದು ಹಾಕಿಸು ಅಂತಾರೆ. ಅಷ್ಟು ರೊಕ್ಕ ಈಗ ಕೈಯಲ್ಲಿಲ್ಲ. ಪ್ಯಾಡ್ ನಾನೇ ಬದಲಿಸಬಹುದೇ?
ಒಬ್ಬ ಪೈಲಟ್, ವಾಸ್ಕೊ

ಉತ್ತರ: ಬದಲಿಸಬಹುದು. ಆದರೆ ಬರೀ ಪ್ಯಾಡ್ ಬದಲಿಸಿದರೆ ಮುಂದಿನ ಮೂರು ತಿಂಗಳಿಗೆ ಮತ್ತೆ ಇದೇ ಗತಿ. ನಿಮ್ಮ ಗಾಡಿಯ ರೋಗ ಪ್ಯಾಡಿನಲ್ಲಿಲ್ಲ.

ನಿಮ್ಮ ಕ್ಯಾಲಿಪರಿನಲ್ಲಿ ಎಣ್ಣೆಯ ಒತ್ತಡಕ್ಕೆ ಪ್ಯಾಡನ್ನು ತಳ್ಳುವ ಪಿಸ್ಟನ್ ಒಂದೇ ಬದಿಗೆ ಇದೆ. ಲಿವರ್ ಹಿಡಿದಾಗ ಅದು ತನ್ನ ಬದಿಯ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆಗ ಇಡೀ ಕ್ಯಾಲಿಪರ್ ತನ್ನ ಪಿನ್ನುಗಳ ಮೇಲೆ ಜಾರಿ ಎದುರು ಬದಿಯ ಪ್ಯಾಡನ್ನೂ ಎಳೆದುಕೊಳ್ಳಬೇಕು. ಪಿನ್ನು ತುಕ್ಕು ಹಿಡಿದು ಬಿಗಿದರೆ ಕ್ಯಾಲಿಪರ್ ಜಾರುವುದಿಲ್ಲ, ಪಿಸ್ಟನ್ ಬದಿಯ ಪ್ಯಾಡ್ ಒಂದೇ ಎಲ್ಲ ಭಾರ ಹೊರುತ್ತದೆ. ಪಿಸ್ಟನ್ ಸಿಕ್ಕಿಕೊಂಡು ಹಿಂದೆ ಸರಿಯದಿದ್ದರೂ ಅಷ್ಟೇ, ಆ ಬದಿಯ ಪ್ಯಾಡ್ ಹಗಲೆಲ್ಲ ಡಿಸ್ಕಿಗೆ ತಿಕ್ಕುತ್ತಲೇ ಇರುತ್ತದೆ. ಬಾಯ್ನಾದ ಉಪ್ಪುಗಾಳಿಗೆ ಇವೆರಡೂ ಆಗುವಂಥವೇ. ಝುವಾರಿನಗರದ ನನ್ನ ಗ್ಯಾರೇಜಿಗೆ ಮಳೆಗಾಲ ಮುಗಿಯುತ್ತಲೇ ಬರುವ ಹಳೆ ಗಾಡಿಗಳಲ್ಲಿ ನಾನು ಮೊದಲು ಮುಟ್ಟಿ ನೋಡುವುದು ಆ ಪಿನ್ನುಗಳನ್ನೇ. ಪಿನ್ನಿನ ಮೇಲಿನ ರಬ್ಬರ್ ಬೂಟು ಕೂದಲೆಳೆಯಷ್ಟು ಸೀಳಿದ್ದರೂ ಸಾಕು, ಒಳಗೆ ನೀರು ಹೋಗಿ ಗ್ರೀಸು ಕಂದು ಹಿಟ್ಟಿನಂತಾಗಿರುತ್ತದೆ.

ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಹಾಕಿ. ಹ್ಯಾಂಡಲ್ ಮೇಲಿನ ಬ್ರೇಕ್ ಆಯಿಲ್ ಡಬ್ಬಿಯ ಸುತ್ತ, ಟ್ಯಾಂಕಿನ ಮೇಲೆ, ನಿಮ್ಮ ಹಳದಿ ಮಡ್‌ಗಾರ್ಡ್ ಮೇಲೆ ದಪ್ಪ ಬಟ್ಟೆ ಹೊದಿಸಿ. ಆ ಎಣ್ಣೆ ಬಿದ್ದಲ್ಲಿ ಬಣ್ಣ ಎದ್ದು ಬರುತ್ತದೆ. ಕ್ಯಾಲಿಪರ್ ಇನ್ನೂ ಫೋರ್ಕಿನ ಮೇಲಿರುವಾಗಲೇ ಪ್ಯಾಡುಗಳನ್ನು ಹಿಡಿದಿಡುವ ಪ್ಯಾಡ್ ಪಿನ್ ಸಡಿಲಿಸಿಕೊಳ್ಳಿ, ಆಮೇಲೆ ಕ್ಯಾಲಿಪರಿನ ಬೋಲ್ಟ್ ಬಿಚ್ಚಿ. ಬಿಚ್ಚಿದ ಕ್ಯಾಲಿಪರ್ ಹೋಸಿನ ಮೇಲೆ ಜೋತು ಬೀಳಬಾರದು, ತಂತಿಯಿಂದ ಫೋರ್ಕಿಗೆ ಕಟ್ಟಿ. ಪ್ಯಾಡ್ ಧೂಳನ್ನು ಬಾಯಿಂದ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ.

ಇನ್ನು ಮುಖ್ಯ ಕೆಲಸ. ಬಹಳ ಜನ ಹೊಸ ಪ್ಯಾಡಿಗೆ ಜಾಗ ಬೇಕೆಂದು ಪಿಸ್ಟನ್ನನ್ನು ಹಾಗೇ ಒಳಗೆ ತಳ್ಳಿಬಿಡುತ್ತಾರೆ. ಅದನ್ನು ಮಾತ್ರ ಮಾಡಬೇಡಿ. ಹೊರಗೆ ಕಾಣುವ ಪಿಸ್ಟನ್ನಿನ ಅಂಚಿಗೆ ಕಪ್ಪು ಕೆಸರು, ಉಪ್ಪು, ತುಕ್ಕು ಉಂಗುರದ ಹಾಗೆ ಕೂತಿರುತ್ತದೆ. ತಳ್ಳಿದರೆ ಆ ಉಂಗುರವೇ ಪಿಸ್ಟನ್ ಸುತ್ತಲಿನ ರಬ್ಬರ್ ಸೀಲಿನ ಕೆಳಗೆ ಹೋಗಿ ಕೂರುತ್ತದೆ. ಲಿವರ್ ಬಿಟ್ಟಾಗ ಪಿಸ್ಟನ್ನನ್ನು ಹಿಂದಕ್ಕೆ ಎಳೆಯಲು ಸ್ಪ್ರಿಂಗ್ ಇಲ್ಲ. ಒತ್ತುವಾಗ ಬಾಗಿದ ಆ ರಬ್ಬರ್ ಸೀಲೇ ಮೊದಲಿನಂತಾಗುತ್ತ ಎಳೆದುಕೊಳ್ಳುತ್ತದೆ. ಸೀಲಿಗೆ ಕಸ ಸಿಕ್ಕರೆ ಬ್ರೇಕ್ ಕಚ್ಚಿಕೊಂಡೇ ಇರುತ್ತದೆ. ಆದ್ದರಿಂದ ಹಳೆ ಟೂತ್ ಬ್ರಷ್, ಸಾಬೂನು ನೀರು ಹಿಡಿದು ಪಿಸ್ಟನ್ನಿನ ಸುತ್ತ ಹೊಳೆಯುವವರೆಗೆ ಉಜ್ಜಿ, ಒರೆಸಿ, ಚೆನ್ನಾಗಿ ಒಣಗಿಸಿ. ಪೆಟ್ರೋಲ್, ಸೀಮೆಎಣ್ಣೆ ಬೇಡ, ಸೀಲು ಉಬ್ಬುತ್ತದೆ. ಆಮೇಲೆ ಹಳೆ ಪ್ಯಾಡನ್ನು ಪಿಸ್ಟನ್ನಿಗೆ ಅಡ್ಡ ಇಟ್ಟು ನೇರವಾಗಿ, ನಿಧಾನವಾಗಿ ಒತ್ತಿ. ಡಬ್ಬಿಯಲ್ಲಿ ಎಣ್ಣೆ ಮೇಲೇರುತ್ತದೆ. ಉಕ್ಕುವಂತಿದ್ದರೆ ಸಿರಿಂಜಿನಿಂದ ಒಂದಿಷ್ಟು ತೆಗೆಯಿರಿ.

ಪಿಸ್ಟನ್ ಮೇಲೆ ಉಗುರಿಗೆ ತಾಗುವಂಥ ಗುಳಿ ಕಂಡರೆ, ಎಣ್ಣೆ ಜಿನುಗಿದ್ದರೆ, ಒತ್ತಿದರೂ ಅಲುಗದಿದ್ದರೆ ಅಲ್ಲಿಗೇ ನಿಲ್ಲಿಸಿ. ಪಿಸ್ಟನ್ ಹೊರತೆಗೆದು ಸೀಲ್ ಕಿಟ್ ಹಾಕುವುದು, ಆಮೇಲೆ ಬ್ರೇಕ್ ಆಯಿಲಿನೊಳಗಿನ ಗಾಳಿ ತೆಗೆಯುವುದು ಮೊದಲ ಸಲ ಪಾನಾ ಹಿಡಿಯುವವರ ಕೆಲಸವಲ್ಲ. ಹಾಗೆ ಮಾಡಿಸಿದರೂ ಹೆಚ್ಚಿನ ಸಲ ಇಡೀ ಕ್ಯಾಲಿಪರ್ ಕೊಳ್ಳುವ ಪ್ರಸಂಗ ಬರುವುದಿಲ್ಲ. ಡಿಸ್ಕಿನ ಮಾತೂ ಅಷ್ಟೇ. ಇಷ್ಟಕ್ಕಿಂತ ತೆಳುವಾಗಬಾರದು ಎಂಬ ಅಳತೆ ಡಿಸ್ಕಿನ ಮೇಲೇ ಕೆತ್ತಿರುತ್ತದೆ. ದಪ್ಪ ಅಳೆಯುವ ವರ್ನಿಯರ್ ಹಿಡಿದು ತೋರಿಸಿ ಅಂತ ಗ್ಯಾರೇಜಿನವರಿಗೆ ಅನ್ನಿ. ಅದಕ್ಕಿಂತ ದಪ್ಪವಿದ್ದು, ಆಳವಾದ ಗೀರು, ಓಲಾಟ ಇಲ್ಲದಿದ್ದರೆ ಯಾಕೆ ಬದಲಿಸಬೇಕು?

ಜಾರುವ ಪಿನ್ನುಗಳನ್ನು ಎಳೆದು ತೆಗೆದು, ಹಳೆ ಗ್ರೀಸು ಒರೆಸಿ, ನಯವಾದ ಪಾಲಿಶ್ ಪೇಪರಿನಿಂದ ತುಕ್ಕು ತೆಗೆದು, ಸಿಲಿಕಾನ್ ಗ್ರೀಸು ತೆಳ್ಳಗೆ ಸವರಿ. ಚಕ್ರದ ಬೇರಿಂಗಿಗೆ ಹಾಕುವ ಗ್ರೀಸು ಬೂಟಿನ ರಬ್ಬರನ್ನು ಕೆಡಿಸುತ್ತದೆ. ಹರಿದ ಬೂಟು ಹೊಸದೇ ಆಗಬೇಕು. ಕೈಯಲ್ಲಿ ತಳ್ಳಿದರೆ ಕ್ಯಾಲಿಪರ್ ಸರಾಗವಾಗಿ ಆಚೀಚೆ ಓಡಬೇಕು. ಪ್ಯಾಡ್ ಎರಡೂ ಹೊಸವೇ ಹಾಕಿ, ಅರ್ಧ ಉಳಿದಿದೆಯೆಂದು ಇನ್ನೊಂದನ್ನು ಇಟ್ಟುಕೊಳ್ಳಬೇಡಿ.

ಎಲ್ಲ ಬಿಗಿ ಮಾಡಿದ ಮೇಲೆ ಗಾಡಿ ಚಾಲೂ ಮಾಡುವ ಮೊದಲು ಲಿವರನ್ನು ಹತ್ತು ಹದಿನೈದು ಸಲ ಒತ್ತಿ ಗಟ್ಟಿ ಮಾಡಿಕೊಳ್ಳಿ. ಇದನ್ನು ಮರೆತವರ ಮೊದಲ ಬ್ರೇಕ್ ಹಿಡಿಯುವುದೇ ಇಲ್ಲ. ಅವತ್ತು ಬಾಡಿಗೆ ಬೇಡ. ಖಾಲಿ ರಸ್ತೆಯಲ್ಲಿ 40ರ ವೇಗದಿಂದ 10ಕ್ಕೆ ಇಳಿಸುತ್ತ ಇಪ್ಪತ್ತು ಮೂವತ್ತು ಸಲ ಮೆಲ್ಲಗೆ ಹಿಡಿದು ಬಿಡಿ. ಹಿಂದೆ ಕೂರುವವರ ಜೀವ ನಿಮ್ಮ ಕೈಯಲ್ಲಿದೆ, ಒಂದು ದಿನದ ದುಡಿಮೆ ಹೋದರೆ ಹೋಗಲಿ.

ಪ್ರಶ್ನೆ: ಬ್ರೇಕ್ ಆಯಿಲ್ ಕಮ್ಮಿಯಾಗದಿದ್ದರೂ ಬದಲಿಸಬೇಕೇ?
ಓದುಗರು, ಫೋಂಡಾ

ಉತ್ತರ: ಬೇಕೇ ಬೇಕು, ಎರಡು ವರ್ಷಕ್ಕೊಮ್ಮೆ. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಎಣ್ಣೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಹೀರಿದ್ದಕ್ಕೆ ಆ ಮಿತಿ 155ಕ್ಕೆ ಇಳಿಯುತ್ತದೆ. ನಾಲ್ಕು ವರ್ಷ ನಾನೂ ಬದಲಿಸಿರಲಿಲ್ಲ. ಒಂದು ಮೇ ತಿಂಗಳಲ್ಲಿ ಊರಿಂದ ಬರುವಾಗ, ಹಿಂದೆ ಹೆಂಡತಿ, ಅನಮೋಡ ಘಾಟಿನಲ್ಲಿ ಲಾರಿಗಳ ಬೆನ್ನಿಗೆ ಬ್ರೇಕ್ ಹಿಡಿದೇ ಇಳಿದೆ. ಘಾಟಿನ ಬುಡದ ಮೊಲೆಮ್ ಇನ್ನೂ ದೂರವಿತ್ತು, ಲಿವರ್ ಮೆತ್ತಗೆ ಹ್ಯಾಂಡಲ್ಲಿಗೆ ಬಂದು ತಾಗಿತು. ಎಣ್ಣೆ ಕುದ್ದು ಆವಿಯಾಗಿತ್ತು. ಎರಡನೇ ಗೇರಿಗೆ ಇಳಿಸಿ, ಹಿಂದಿನ ಬ್ರೇಕ್ ತುಳಿದು, ಗುಡ್ಡದ ಬದಿಯ ಮಣ್ಣಿಗೆ ಹತ್ತಿಸಿ ನಿಲ್ಲಿಸಿದೆ. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ 4 ಎಂದು ಬರೆದಿರುತ್ತದೆ, ಅದನ್ನೇ ಹಾಕಿ. ಡಾಟ್ 5 ಸಿಲಿಕಾನಿನದು, ಇದರ ಜೊತೆ ಬೆರೆಸುವಂತಿಲ್ಲ. ತೆರೆದು ಎಷ್ಟೋ ತಿಂಗಳಾದ ಬಾಟಲಿ ಯಾರು ಪುಕ್ಕಟೆ ಕೊಟ್ಟರೂ ಬೇಡ.