ಬೆಲೆಯಲ್ಲಿ ಕಾಣೆಯಾದ ಒಂದು ಸೊನ್ನೆ

ಪ್ರಶ್ನೆ: ನಾನು 36 ವರ್ಷದ ಎಂಜಿನಿಯರ್. ಮೂಲ ಮನೆ ಶಿರಸಿ ಹತ್ತಿರದ ಹಳ್ಳಿ, ನೌಕರಿ ಕಾರವಾರದಲ್ಲಿ. ಹನ್ನೊಂದು ವರ್ಷಗಳಿಂದ ಕಾಮಿಕ್ಸ್ ಮತ್ತು ಸಿನಿಮಾ ಪಾತ್ರಗಳ ಪ್ರತಿಮೆಗಳನ್ನು ಸಂಗ್ರಹಿಸುತ್ತಿದ್ದೇನೆ. ಈಗ ಇಪ್ಪತ್ತನಾಲ್ಕು ಇವೆ. ಮದುವೆಯಾದ ಈ ಐದು ವರ್ಷಗಳಲ್ಲಿ ಪ್ರತಿಯೊಂದರ ಬೆಲೆಯನ್ನೂ ಹೆಂಡತಿಗೆ ಒಂದು ಸೊನ್ನೆ ಕಡಿಮೆ ಮಾಡಿ ಹೇಳಿದ್ದೇನೆ. ದಸರಾ ರಜೆಯಲ್ಲಿ ತಂಗಿಯ ಸಂಸಾರ ಸಮುದ್ರ ನೋಡಲು ಬಂದಿತ್ತು. ಅವಳ ಆರು ವರ್ಷದ ಮಗ ಎರಡಡಿ ಎತ್ತರದ, ಎಂಟು ಕಿಲೋ ತೂಕದ ಬ್ಯಾಟ್‌ಮನ್ ಪ್ರತಿಮೆಯನ್ನು ಕಪಾಟಿನಿಂದ ಎಳೆದು ಬೀಳಿಸಿದ. ತೋಳೂ ಮೇಲಂಗಿಯೂ ಮುರಿದವು. ನಾನು ಮಗುವಿನ ಮೇಲೆ ಕೂಗಾಡಿಬಿಟ್ಟೆ. ‘ಆರು ಸಾವಿರದ ಎಂಟುನೂರು ರೂಪಾಯಿಯ ಗೊಂಬೆಗೆ ಇಷ್ಟೊಂದು ಸಿಟ್ಟೇ’ ಎಂದು ಹೆಂಡತಿ ಎಲ್ಲರ ಎದುರೇ ಕೇಳಿದಳು. ನಿಜವಾದ ಬೆಲೆ 68,000. ಮರುದಿನ ಭಾವ ಫೋನಿನಲ್ಲಿ ಏಳು ಸಾವಿರ ಕಳಿಸಿದರು. ಅಂದಿನಿಂದ ತಂಗಿ ಫೋನ್ ಮಾಡಿಲ್ಲ, ಹೆಂಡತಿ ಸರಿಯಾಗಿ ಮಾತಾಡುತ್ತಿಲ್ಲ. ಇನ್ನೂ ಎರಡು ಪ್ರತಿಮೆಗಳ ಕಂತು ನಡೆಯುತ್ತಿದೆ. ನಿಜ ಹೇಳಬೇಕೇ, ಅಥವಾ ಇದು ಹೂಡಿಕೆ ಎಂದು ನಿಧಾನವಾಗಿ ಒಪ್ಪಿಸಬೇಕೇ?

ಉತ್ತರ: ನಿಮ್ಮ ಪತ್ರ ನಾಲ್ಕು ಪುಟಗಳಷ್ಟಿದ್ದು, ಮೇಲೆ ಅಚ್ಚಾಗಿರುವುದು ಅದರ ಸಾರ ಮಾತ್ರ. ಆ ನಾಲ್ಕು ಪುಟಗಳಲ್ಲಿ ತೋಳು ಯಾವ ಜಾಗದಲ್ಲಿ ತುಂಡಾಯಿತು, ಮೇಲಂಗಿಯ ಅಂಚು ಎಷ್ಟು ಚೂರಾಯಿತು, ಮುಖದ ಬಣ್ಣ ಎಲ್ಲಿ ಕೆತ್ತಿಹೋಯಿತು ಎಂಬುದಕ್ಕೆ ಒಂದೂವರೆ ಪುಟ ಸಂದಿದೆ. ಮಗುವಿಗೆ ಏನೂ ಆಗಲಿಲ್ಲವೆಂಬ ಸಂಗತಿ ಮೂರನೆಯ ಪುಟದ ಕೊನೆಯಲ್ಲಿ ಅರ್ಧ ವಾಕ್ಯವಾಗಿ ಬಂದಿದೆ. ಇದನ್ನು ನಿಮ್ಮನ್ನು ಚುಚ್ಚಲೆಂದು ಹೇಳುತ್ತಿಲ್ಲ. ಎಂಟು ಕಿಲೋದ ವಸ್ತುವೊಂದು ಆರು ವರ್ಷದ ಮಗುವಿನ ತಲೆಯ ಮೇಲಿಂದ ಬಂದು ಪಕ್ಕದಲ್ಲಿ ಬಿದ್ದಿದೆ, ಅಂಗೈಯಗಲ ಈಚೆಗೆ ಬಿದ್ದಿದ್ದರೆ ನೀವು ಈ ಪತ್ರವನ್ನೇ ಬರೆಯುತ್ತಿರಲಿಲ್ಲ ಎಂಬುದನ್ನು ನೆನಪಿಸುವುದು ಅಗತ್ಯವೆನಿಸಿತು. ಆದ್ದರಿಂದ ಉಳಿದ ಯಾವ ಸಲಹೆಗೂ ಮೊದಲು, ಭಾರದ ಪ್ರತಿಮೆಗಳನ್ನು ಈ ವಾರವೇ ಕೆಳಗಿನ ಹಲಗೆಗೆ ಇಳಿಸಿ, ಕಪಾಟನ್ನು ಗೋಡೆಗೆ ಸ್ಕ್ರೂ ಹಾಕಿ ಬಿಗಿಸಿ, ಬೀಗವಿರುವ ಗಾಜಿನ ಬಾಗಿಲು ಮಾಡಿಸಿ.

ನೀವು ಕೇಳಿದ ಪ್ರಶ್ನೆಗೆ ಉತ್ತರ ಚಿಕ್ಕದು. ನಿಜ ಹೇಳಿ, ಹೂಡಿಕೆ ಎಂಬ ಮಾತನ್ನು ಬಾಯಿಗೇ ತರಬೇಡಿ. ಚಿಕ್ಕದಲ್ಲದ್ದು ಯಾರಿಗೆ, ಯಾವ ಕ್ರಮದಲ್ಲಿ, ಎಷ್ಟು ಹೇಳಬೇಕೆಂಬುದು.

ಅದಕ್ಕೂ ಮುನ್ನ ನಿಮ್ಮ ಹವ್ಯಾಸದ ಬಗ್ಗೆ ಒಂದು ಮಾತು ಹೇಳುತ್ತೇನೆ, ಏಕೆಂದರೆ ಪತ್ರದುದ್ದಕ್ಕೂ ನೀವು ಅದಕ್ಕಾಗಿ ಕ್ಷಮೆ ಕೇಳುತ್ತಲೇ ಇದ್ದೀರಿ. ಊರಿನಲ್ಲಿ ಅಪ್ಪಯ್ಯ ಅದನ್ನು ‘ಮಕ್ಕಳಾಟಿಕೆ’ ಎನ್ನುತ್ತಾರೆಂದೂ, ಆಯಿ ನೆಂಟರೆದುರು ಆ ಕೋಣೆಯ ಬಾಗಿಲು ಹಾಕಿಬಿಡುತ್ತಾರೆಂದೂ ಬರೆದಿದ್ದೀರಿ. ಬೆಂಡಿನಲ್ಲಿ ಬಾಸಿಂಗವನ್ನೂ ಗಂಧದ ತುಂಡಿನಲ್ಲಿ ದೇವತೆಗಳನ್ನೂ ಬಿಡಿಸುವ ಗುಡಿಗಾರರು ತಲೆಮಾರುಗಳಿಂದ ಬದುಕಿದ ಜಿಲ್ಲೆ ನಮ್ಮದು. ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ ಯಕ್ಷಗಾನದ ಕಿರೀಟವನ್ನು ಎಂಥ ಗೌರವದಿಂದ ಇಡುತ್ತಾರೆಂಬುದನ್ನು ನಾವೆಲ್ಲ ಕಂಡವರೇ. ಪಾತ್ರವೊಂದು ಕೈಯಲ್ಲಿ ಹಿಡಿಯಬಹುದಾದ ಆಕಾರ ತಳೆದಾಗ ಮನಸ್ಸು ಏಕೆ ಅರಳುತ್ತದೆಂಬುದನ್ನು ಇಲ್ಲಿಯವರಿಗೆ ಯಾರೂ ವಿವರಿಸಬೇಕಾಗಿಲ್ಲ. ನಾನು ಚಿಕ್ಕವಳಿದ್ದಾಗ, 1964ರಲ್ಲಿ ಆರಂಭವಾದ ಇಂದ್ರಜಾಲ ಕಾಮಿಕ್ಸ್‌ನ ಫ್ಯಾಂಟಮ್ ಕನ್ನಡದಲ್ಲಿಯೂ ಬರುತ್ತಿದ್ದ; ಅವನ ತಲೆಬುರುಡೆಯುಂಗುರದಂಥದ್ದೊಂದು ಮಾರಾಟಕ್ಕೆ ಸಿಕ್ಕಿದ್ದರೆ ನಾನೂ ಮನೆಯಲ್ಲಿ ಸುಳ್ಳು ಹೇಳಿಯಾದರೂ ಕೊಳ್ಳುತ್ತಿದ್ದೆನೇನೋ. 1939ರಲ್ಲಿ ಅಮೆರಿಕದ ಕಾಮಿಕ್ಸ್ ಪುಟದಲ್ಲಿ ಮೊದಲು ಕಾಣಿಸಿಕೊಂಡು ಇಂದಿಗೂ ಬದುಕಿರುವ ಬ್ಯಾಟ್‌ಮನ್‌ನನ್ನು ಬೆಳೆದ ಗಂಡಸೊಬ್ಬ ಪ್ರೀತಿಸುವುದರಲ್ಲಿ ನಾಚಿಕೆಯದೇನೂ ಇಲ್ಲ.

ನಾಚಿಕೆಯಾಗಬೇಕಾದದ್ದು ಸೊನ್ನೆಯ ವಿಷಯದಲ್ಲಿ. ಸೀರೆಯ ಬೆಲೆಯನ್ನು ಗಂಡಂದಿರಿಗೆ ಇಳಿಸಿ ಹೇಳುವ ಕಲೆ ನಮ್ಮಲ್ಲಿ ಅನೇಕ ಹೆಂಗಸರಿಗೆ ಸಿದ್ಧಿಸಿದೆ, ಆದ್ದರಿಂದ ನಿಮ್ಮ ತಪ್ಪನ್ನು ಲೋಕದಲ್ಲಿಲ್ಲದ ಪಾಪವೆಂದು ನಾನು ಬಗೆಯುವುದಿಲ್ಲ. ಆದರೆ ಐನೂರು ಇಳಿಸುವುದು ಬೇರೆ, ಹತ್ತರಲ್ಲಿ ಒಂಬತ್ತು ಪಾಲನ್ನು ಅಳಿಸಿಹಾಕುವುದು ಬೇರೆ. ಆ ಒಂಬತ್ತು ಪಾಲಿನ ಜೊತೆಗೆ ನೀವು ಮತ್ತೊಂದನ್ನೂ ಅಳಿಸಿದಿರಿ: ಆ ವಸ್ತು ನಿಮಗೆ ಎಷ್ಟು ದೊಡ್ಡದೆಂದು ತಿಳಿಯುವ ಅವಕಾಶವನ್ನು ನಿಮ್ಮ ಮನೆಯವರಿಂದ ಕಿತ್ತುಕೊಂಡಿರಿ. ಬೆಲೆಬಾಳುವುದೇನಲ್ಲ, ಬರೀ ಗೊಂಬೆ ಎಂದು ಐದು ವರ್ಷ ನೀವೇ ಹೇಳುತ್ತ ಬಂದದ್ದನ್ನು ನಿಮ್ಮ ಹೆಂಡತಿ ನಂಬಿದರು, ಭಾವ ನಂಬಿದರು, ಕೊನೆಗೆ ಆರು ವರ್ಷದ ಅಳಿಯನೂ ನಂಬಿದ. ಗೊಂಬೆಯೆಂದಮೇಲೆ ಆಡುವುದಕ್ಕೇ ಇದೆಯೆಂದು ಅವನು ತಿಳಿದದ್ದರಲ್ಲಿ ತಪ್ಪೇನಿದೆ? ‘ಇಷ್ಟೊಂದು ಸಿಟ್ಟೇ’ ಎಂಬ ನಿಮ್ಮ ಹೆಂಡತಿಯ ಪ್ರಶ್ನೆ, ಅವರಿಗೆ ಗೊತ್ತಿದ್ದ ಲೆಕ್ಕದ ಪ್ರಕಾರ, ನೂರಕ್ಕೆ ನೂರು ನ್ಯಾಯವಾದದ್ದು.

ಈಗ ಹೂಡಿಕೆಯ ಮಾತು. ಸಂಗ್ರಾಹಕರು ಈ ಪದವನ್ನು ಹೆಚ್ಚಾಗಿ ಮನೆಯವರ ಎದುರಿಗೇ ಬಳಸುತ್ತಾರೆಂಬುದನ್ನು ನಾನು ಗಮನಿಸಿದ್ದೇನೆ. ಸೀಮಿತ ಸಂಖ್ಯೆಯಲ್ಲಿ ಬಂದ ಕೆಲವು ಪ್ರತಿಮೆಗಳ ಬೆಲೆ ಏರುವುದು ನಿಜ. ಹಾಗೆಯೇ ಅದೇ ಪಾತ್ರ ಎರಡು ವರ್ಷಗಳಲ್ಲಿ ಇನ್ನೂ ಚೆನ್ನಾದ ಮುಖಚಹರೆಯೊಂದಿಗೆ ಮತ್ತೆ ಬಂದು ಹಳೆಯದನ್ನು ಕೇಳುವವರಿಲ್ಲದಂತೆ ಮಾಡುವುದೂ ನಿಜ. ಸಣ್ಣ ವಿನೈಲ್ ಗೊಂಬೆಗಳಿಂದ ಜಗತ್ತಿನಾದ್ಯಂತ ಹೆಸರಾದ ಫಂಕೋ ಕಂಪನಿ, ಮಾರಾಟವಾಗದೆ ಉಳಿದ ಮೂರು ಕೋಟಿಯಿಂದ 3.6 ಕೋಟಿ ಡಾಲರ್ ಮೌಲ್ಯದ ದಾಸ್ತಾನನ್ನು ಇಲ್ಲವಾಗಿಸುವುದಾಗಿ 2023ರಲ್ಲಿ ತಾನೇ ಪ್ರಕಟಿಸಿತು. ಗೋದಾಮಿನ ಬಾಡಿಗೆ ಸರಕಿನ ಬೆಲೆಯನ್ನು ಮೀರಿದರೆ ಆಗುವುದು ಹಾಗೆಯೇ. ನಿಮ್ಮವು ಆ ಜಾತಿಯ ಗೊಂಬೆಗಳಲ್ಲವೆಂದು ನೀವು ವಾದಿಸುವಿರಿ, ಒಪ್ಪುತ್ತೇನೆ. ಆದರೆ ನೀವು ಕೊಟ್ಟ ಹಣದಲ್ಲಿ ಎಷ್ಟು ಪಾಲು ಪ್ರತಿಮೆಗೆ ಸೇರಿದೆ, ಎಷ್ಟು ಪಾಲು ಹಡಗಿನ ಬಾಡಿಗೆಗೂ ಕಸ್ಟಮ್ಸ್‌ಗೂ ಹೋಗಿದೆ ಎಂಬುದನ್ನು ರಶೀದಿಯಲ್ಲಿ ನೋಡಿ. ಆಟಿಕೆಗಳ ಮೇಲಿನ ಆಮದು ಸುಂಕವನ್ನು 2020ರಲ್ಲಿ ಶೇಕಡಾ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಲಾಯಿತು. ನಿಮ್ಮ ಪೆಟ್ಟಿಗೆಯನ್ನು ಅಧಿಕಾರಿಗಳು ಆಟಿಕೆಯೆಂದು ಪರಿಗಣಿಸಿದ್ದರೋ ಅಲಂಕಾರದ ವಸ್ತುವೆಂದೋ, ಕಟ್ಟಿದ ಸುಂಕವನ್ನು ಮುಂದಿನ ಕೊಳ್ಳುಗ ನಿಮಗೆ ಭರಿಸಿಕೊಡುವ ಭರವಸೆಯೇನೂ ಇಲ್ಲ.

ಇನ್ನು ನೀವಿರುವ ಊರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರವಾರದಲ್ಲಿ ಚಪ್ಪಲಿಯ ಮೇಲೂ ಬೂಷ್ಟು ಹಿಡಿಯುತ್ತದೆಂಬುದು ನಿಮಗೆ ಗೊತ್ತಿದೆ. ಸುಮಾರು ಒಂದಡಿ ಎತ್ತರದ, ಅಂದರೆ ಮನುಷ್ಯನ ಎತ್ತರದ ಆರನೆಯ ಒಂದರ ಅಳತೆಯ, ಬಟ್ಟೆ ತೊಟ್ಟ ಗೊಂಬೆಗಳಲ್ಲಿ ಎರಡರ ಕೃತಕ ಚರ್ಮದ ಕೋಟು ಸುಲಿಯುತ್ತಿದೆಯೆಂದೂ, ಪಿವಿಸಿಯ ಮೂರು ಗೊಂಬೆಗಳನ್ನು ಮುಟ್ಟಿದರೆ ಕೈಗೆ ಜಿಗುಟು ಹತ್ತುತ್ತದೆಯೆಂದೂ ನೀವೇ ಬರೆದಿದ್ದೀರಿ. ಆ ಜಿಗುಟು ಧೂಳಿನದಲ್ಲ. ಪ್ಲಾಸ್ಟಿಕ್ಕನ್ನು ಮೆದುವಾಗಿಡಲು ಬೆರೆಸಿದ ರಾಸಾಯನಿಕ, ಸೆಕೆ ಮತ್ತು ಗಾಳಿಯಾಡದ ಪೆಟ್ಟಿಗೆಯಿಂದಾಗಿ ಮೇಲ್ಮೈಗೆ ಒಸರುವುದರಿಂದ ಹಾಗಾಗುತ್ತದೆ. ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಮೆಲ್ಲಗೆ ಒರೆಸಿ, ಪೂರ್ತಿ ಒಣಗಿಸಿ, ಬಿಸಿಲು ನೇರವಾಗಿ ಬೀಳದ, ಗಾಳಿಯಾಡುವ ಕಡೆ ಇಡಿ. ಸಮುದ್ರದ ಕಡೆಯ ಕಿಟಕಿಯ ಪಕ್ಕ ಪ್ರತಿಮೆಗಳನ್ನಿಟ್ಟು ಅದನ್ನು ಹೂಡಿಕೆಯೆಂದು ಹೆಂಡತಿಗೆ ಹೇಳಿದರೆ ಅದು ಇಪ್ಪತ್ತೈದನೆಯ ಸುಳ್ಳಾಗುತ್ತದೆ. ನಿಮ್ಮ ಇಷ್ಟಕ್ಕೆ ಕೊಂಡಿರಿ, ಅಷ್ಟೇ ಹೇಳಿ. ಆ ಕಾರಣದಲ್ಲಿ ಕೊರತೆಯೇನೂ ಇಲ್ಲ.

ಹೇಳುವ ಕ್ರಮಕ್ಕೆ ಬರುತ್ತೇನೆ. ಮೊದಲು ಕೇಳಬೇಕಾದವರು ನಿಮ್ಮ ಹೆಂಡತಿ, ಅವರೊಬ್ಬರೇ, ಕಾರವಾರದ ನಿಮ್ಮ ಮನೆಯಲ್ಲಿ. ಊರಿಗೆ ಹೋದಾಗ ಆಯಿಯ ಎದುರು, ಯಾರಾದರೂ ಸಮಾಧಾನ ಮಾಡಿಯಾರೆಂಬ ಧೈರ್ಯದಲ್ಲಿ ಹೇಳಹೋಗಬೇಡಿ; ಹಿರಿಯರ ಮುಂದೆ ಅವರಿಗೆ ಸಿಟ್ಟು ಮಾಡಿಕೊಳ್ಳುವ ಸ್ವಾತಂತ್ರ್ಯವೂ ಇರುವುದಿಲ್ಲ. ಮುರಿದ ಒಂದರ ಬೆಲೆ ಮಾತ್ರ ಹೇಳಿ ಉಳಿದವನ್ನು ಅವರು ಕೇಳಿದಾಗ ನೋಡಿಕೊಳ್ಳೋಣ ಎಂಬ ಯೋಚನೆ ನಿಮ್ಮ ಪತ್ರದ ಸಾಲುಗಳ ನಡುವೆ ನನಗೆ ಕಂಡಿತು, ಅದನ್ನು ಬಿಟ್ಟುಬಿಡಿ. ಒಂದೊಂದೇ ಸೊನ್ನೆ ಇಪ್ಪತ್ತನಾಲ್ಕು ಬಾರಿ ಹೊರಬಂದರೆ ಇಪ್ಪತ್ತನಾಲ್ಕು ಜಗಳಗಳಾಗುತ್ತವೆ. ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆಯಿರಿ: ಯಾವುದು, ಯಾವ ವರ್ಷ, ಕೊಟ್ಟದ್ದೆಷ್ಟು, ಹಣ ಯಾವ ಖಾತೆಯಿಂದ ಹೋಯಿತು, ಇನ್ನೂ ಬಾಕಿಯಿರುವ ಎರಡರ ಕಂತುಗಳೆಷ್ಟು, ಈಗ ರದ್ದು ಮಾಡಿದರೆ ಮುಂಗಡದಲ್ಲಿ ಎಷ್ಟು ಮುಳುಗುತ್ತದೆ. ಮದುವೆಗೆ ಮೊದಲು ಕೊಂಡವನ್ನು ಬೇರೆಯಾಗಿ ಬರೆಯಿರಿ, ಆದರೆ ಬಿಡಬೇಡಿ. ಶಿರಸಿಯಲ್ಲಿ ನಿವೇಶನ ಕೊಳ್ಳಲು ಇಬ್ಬರೂ ಕೂಡಿಡುತ್ತಿದ್ದೀರೆಂದು ಬರೆದಿದ್ದೀರಿ. ಆ ಖಾತೆಯಿಂದ ಎರಡು ಸಲ ತೆಗೆದು, ಬೋನಸ್ ಬಂದಾಗ ತುಂಬಿದ್ದು ಸಹ ಆ ಹಾಳೆಯಲ್ಲಿರಬೇಕು. ತುಂಬಿಯಾಯಿತಲ್ಲ ಎಂದು ಅದನ್ನು ಬಿಟ್ಟರೆ, ಪಾಸ್‌ಬುಕ್ಕು ನಿಮಗಿಂತ ಮೊದಲು ಮಾತಾಡುತ್ತದೆ.

ಹೇಳಿದ ಮೇಲೆ ಅವರು ವಾರಗಟ್ಟಲೆ ಮಾತಾಡದೆ ಇರಬಹುದು. ಗಂಡನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ, ಐದಾರು ಸಾವಿರದ ಗೊಂಬೆಯ ಹುಚ್ಚು ಮಾತ್ರ ಎಂದು ಶಾಲೆಯ ಸಹೋದ್ಯೋಗಿಗಳ ಮುಂದೆ ಅವರು ಹೆಮ್ಮೆಯಿಂದ ಹೇಳಿಕೊಂಡಿದ್ದಾರೆ ಎಂಬುದು ನಿಮ್ಮ ಪತ್ರದಲ್ಲಿ ನನ್ನ ಮನಸ್ಸಿಗೆ ಅತಿ ಹೆಚ್ಚು ತಟ್ಟಿದ ಸಾಲು. ಹಣಕ್ಕಿಂತ ಆ ಹೆಮ್ಮೆಗೇ ಹೆಚ್ಚು ಪೆಟ್ಟಾಗುವುದು. ಆಗ ಪಶ್ಚಾತ್ತಾಪದ ಆವೇಶದಲ್ಲಿ ಎಲ್ಲವನ್ನೂ ಮಾರಿಬಿಡುತ್ತೇನೆಂದು ಹೊರಡಬೇಡಿ. ಮೂಲ ಪೆಟ್ಟಿಗೆ, ಒಳಗಿನ ಅಚ್ಚಿನ ಥರ್ಮೋಕೋಲ್ ಇಲ್ಲದೆ ಎಂಟು ಕಿಲೋದ ಪ್ರತಿಮೆಯನ್ನು ಕೊರಿಯರ್‌ಗೆ ಹಾಕಿದರೆ ತಲುಪುವುದು ಚೂರುಗಳು. ಅವಸರದಲ್ಲಿ ಮಾರುವವನ ಅವಸರ ಕೊಳ್ಳುವವನಿಗೆ ಮೊದಲೇ ವಾಸನೆ ಬಡಿದಿರುತ್ತದೆ. ಏನನ್ನು ಉಳಿಸಬೇಕು, ಏನನ್ನು ಮಾರಬೇಕು, ಇನ್ನುಮುಂದೆ ವರ್ಷಕ್ಕೆ ಎಷ್ಟು ಖರ್ಚು ಮಾಡಬಹುದು ಎಂಬುದನ್ನು ಸಿಟ್ಟು ಇಳಿದ ಮೇಲೆ ಇಬ್ಬರೂ ಕೂತು ನಿರ್ಧರಿಸಿ. ಆ ಮೊತ್ತ ಸೊನ್ನೆಯಾಗಬಾರದೆಂಬುದು ನನ್ನ ಅಭಿಪ್ರಾಯ. ಪೂರ್ತಿ ಬಿಡಿಸಿದ ಹುಚ್ಚು ಮತ್ತೆ ಅಡ್ಡದಾರಿಯಲ್ಲಿಯೇ ಮನೆಯೊಳಗೆ ಬರುತ್ತದೆ.

ಭಾವನವರ ಏಳು ಸಾವಿರವನ್ನು ಹಿಂದಿರುಗಿಸಿ. ಮನೆಗೆ ಬಂದವರ ಮಗು ಒಡೆದದ್ದಕ್ಕೆ ದುಡ್ಡು ಇಸಿದುಕೊಳ್ಳುವ ಪದ್ಧತಿ ನಮ್ಮಲ್ಲಿ ಎಂದೂ ಇರಲಿಲ್ಲ, ಅದು ಏಳು ಸಾವಿರವಾದರೂ ಅರವತ್ತೆಂಟಾದರೂ. ಅವರಿಗೆ ನಿಜವಾದ ಬೆಲೆ ಹೇಳಲೇಬೇಕೇ ಎಂದು ಕೇಳಿದ್ದೀರಿ. ನನಗೆ ಅಗತ್ಯ ಕಾಣುವುದಿಲ್ಲ. ಹೇಳಿದರೆ ಅವರು ಅಷ್ಟನ್ನೂ ಕೊಡಲು ಹೊರಟು, ತಂಗಿ ತವರಿನ ಅಣ್ಣನ ಮನೆಗೆ ಬರುವುದನ್ನೇ ನಿಲ್ಲಿಸಿಯಾಳು. ಹೆಂಡತಿಗೆ ಬೆಲೆ ತಿಳಿಯಬೇಕಾದದ್ದು ಅದು ಅವರ ಹಣವೂ ಹೌದೆಂಬ ಕಾರಣಕ್ಕೆ. ಭಾವನವರಿಗೆ ಆ ಹಕ್ಕೂ ಇಲ್ಲ, ಆ ಹೊರೆಯೂ ಬೇಡ. ದುಡ್ಡು ಕಳಿಸಿದ ಮೇಲೆ ತಂಗಿಗೆ ಫೋನ್ ಮಾಡಿ, ಫೋನನ್ನು ಅಳಿಯನ ಕೈಗೆ ಕೊಡಿಸಿ, ಕೂಗಿದ್ದು ಮಾವನ ತಪ್ಪೆಂದು ಅವನಿಗೇ ಹೇಳಿ. ಶಿರಸಿಗೆ ಹೋದಾಗ ಕೈಕಾಲು ಮಡಚಬಹುದಾದ, ಬಿದ್ದರೂ ಮುರಿಯದ ಆ್ಯಕ್ಷನ್ ಫಿಗರ್ ಒಂದನ್ನು ಅವನಿಗೆ ಒಯ್ಯಿರಿ. ನಿಲ್ಲಿಸಿ ನೋಡುವ ಪ್ರತಿಮೆಗೂ ಹಿಡಿದು ಆಡುವ ಗೊಂಬೆಗೂ ಇರುವ ಅಂತರ, ಎರಡನ್ನೂ ಕಂಡ ಮಗುವಿಗೆ ತಾನಾಗಿ ತಿಳಿಯುತ್ತದೆ.

ಮುರಿದ ಬ್ಯಾಟ್‌ಮನ್‌ನನ್ನು ಎಸೆಯಬೇಡಿ. ರಾಳಕ್ಕೆ ಕಲ್ಲಿನ ಪುಡಿ ಬೆರೆಸಿ ಅಚ್ಚು ಹೊಯ್ದ ಪಾಲಿಸ್ಟೋನ್ ಬಗ್ಗುವುದಿಲ್ಲ, ಬಿದ್ದರೆ ಪಿಂಗಾಣಿಯಂತೆ ತುಂಡಾಗುತ್ತದೆ. ಆ ಕಾರಣಕ್ಕೇ ತುಂಡುಗಳು ಅನೇಕ ಸಲ ಒಂದಕ್ಕೊಂದು ಸರಿಯಾಗಿ ಕೂಡುತ್ತವೆ. ಚೂರುಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಇಡಿ, ಕ್ಷಣದಲ್ಲಿ ಹಿಡಿಯುವ ಅಂಟನ್ನು ಅವಸರದಲ್ಲಿ ಹಚ್ಚಿಬಿಡಬೇಡಿ. ಮೊದಲು ಅಂಟಿಲ್ಲದೆ ಜೋಡಿಸಿ ನೋಡಿ, ತೋಳಿನಂಥ ಭಾರದ ಭಾಗಕ್ಕೆ ಒಳಗೆ ಸಣ್ಣ ತಂತಿಯ ಮೊಳೆ ಕೂರಿಸಿ, ಎರಡು ಟ್ಯೂಬಿನ ಎಪಾಕ್ಸಿ ಅಂಟು ಬಳಸಿ ಒಂದು ದಿನ ಅಲುಗಾಡದಂತೆ ಬಿಡಿ. ಬಣ್ಣ ಹೊಂದಿಸುವುದು ನಿಮ್ಮಿಂದಾಗದಿದ್ದರೆ, ಚೌತಿಗೆ ಗಣಪತಿ ಮಾಡುವ ಕಲಾವಿದರು ನಿಮ್ಮಲ್ಲಿ ಓಣಿಗೊಬ್ಬರು ಸಿಗುತ್ತಾರೆ, ಅವರನ್ನು ಕೇಳಿ. ಗೆರೆ ಸ್ವಲ್ಪ ಕಂಡೇ ಕಾಣುತ್ತದೆ, ಮಾರುವ ಬೆಲೆ ಅರ್ಧಕ್ಕಿಂತ ಕೆಳಗಿಳಿಯಬಹುದು. ಆದರೆ ಅದನ್ನು ಮಾರಲು ನೀವು ಕೊಂಡಿರಲಿಲ್ಲವಲ್ಲ.

ಮುಂದಿನ ಕಂತು ಬರುವ ತಿಂಗಳ ಐದನೆಯ ತಾರೀಖಿಗೆ ಎಂದು ಬರೆದಿದ್ದೀರಿ. ಹೆಂಡತಿಗೆ ಆ ಹಾಳೆಯನ್ನು ತೋರಿಸುವುದು ಅದಕ್ಕೂ ಮೊದಲು ಆಗಬೇಕು, ಆ ಕಂತನ್ನು ಕಟ್ಟಬೇಕೋ ಬೇಡವೋ ಎಂಬುದನ್ನು ಅವರೂ ಸೇರಿ ತೀರ್ಮಾನಿಸುವಂತೆ.