ಟ್ಯಾಸ್ಮೇನಿಯನ್ ಡೆವಿಲ್ ನಿಜವಾಗಿಯೂ ಕ್ರೂರಿಯೇ?

ಪ್ರಶ್ನೆ: ಟ್ಯಾಸ್ಮೇನಿಯನ್ ಡೆವಿಲ್ ಎಂಬ ಪ್ರಾಣಿಗೆ ದೆವ್ವದ ಹೆಸರು ಏಕೆ ಬಂತು? ಅದು ಅಷ್ಟೊಂದು ಕ್ರೂರ ಪ್ರಾಣಿಯೇ? ಅದರ ಸಂತತಿ ಅಳಿವಿನ ಅಂಚಿನಲ್ಲಿದೆ ಎಂಬುದು ನಿಜವೇ?

ಉತ್ತರ: ಆಸ್ಟ್ರೇಲಿಯದ ಟ್ಯಾಸ್ಮೇನಿಯ ದ್ವೀಪದಲ್ಲಿ ನೆಲೆಯೂರಿದ ಯುರೋಪಿಯನ್ ವಲಸಿಗರನ್ನು ಬೆಚ್ಚಿಬೀಳಿಸಿದ್ದು ರಾತ್ರಿಯ ಕಾಡಿನಿಂದ ಕೇಳಿಬರುತ್ತಿದ್ದ ಇದರ ಕರ್ಕಶ ಕಿರುಚಾಟ. ಕಪ್ಪು ಮೈ, ಉದ್ರೇಕಗೊಂಡಾಗ ಕೆಂಪೇರುವ ಕಿವಿ ಮತ್ತು ಅಗಲವಾಗಿ ತೆರೆದ ಬಾಯಿ ಆ ಭಯವನ್ನು ಇನ್ನಷ್ಟು ಹೆಚ್ಚಿಸಿದವು. ಈ ಹೆಸರಿನಿಂದ ಪ್ರಾಣಿಗೆ ಅನ್ಯಾಯವೇ ಆಗಿದೆ ಎಂದು ನನ್ನ ಭಾವನೆ, ಏಕೆಂದರೆ ಅದು ಹಾಗೆ ಬಾಯಿ ತೆರೆಯುವುದು ಹೆಚ್ಚಾಗಿ ಅಂಜಿಕೆಯಿಂದಲೇ ಹೊರತು ಆಕ್ರಮಣಕ್ಕಾಗಿ ಅಲ್ಲ.

ಹೊಟ್ಟೆಚೀಲದಲ್ಲಿ ಮರಿ ಬೆಳೆಸುವ ಮಾಂಸಾಹಾರಿಗಳ ಪೈಕಿ ಇಂದು ಬದುಕಿರುವವುಗಳಲ್ಲಿ ಇದೇ ದೊಡ್ಡದು. ದೊಡ್ಡ ಗಂಡು ಸುಮಾರು 12 ಕಿಲೋ ತೂಗುತ್ತದೆ. ಬೇಟೆಯಾಡಬಲ್ಲದಾದರೂ ಸತ್ತ ಪ್ರಾಣಿಗಳನ್ನೇ ಹೆಚ್ಚಾಗಿ ಅರಸುವ ಈ ನಿಶಾಚರಿ, ತನ್ನ ಬಲವಾದ ದವಡೆಯಿಂದ ಮೂಳೆ, ಚರ್ಮ, ಕೂದಲು ಯಾವುದನ್ನೂ ಬಿಡದೆ ತಿಂದು ಕಾಡನ್ನು ಶುಚಿಯಾಗಿಡುತ್ತದೆ. ಆಹಾರ ಸಮೃದ್ಧವಾಗಿದ್ದಾಗ ಮಿಕ್ಕ ಕೊಬ್ಬನ್ನು ಬಾಲದಲ್ಲಿ ಕೂಡಿಟ್ಟುಕೊಳ್ಳುವುದರಿಂದ, ದಪ್ಪ ಬಾಲವು ಆರೋಗ್ಯದ ಗುರುತು.

ಇದರ ಬದುಕಿನ ಮೊದಲ ಸ್ಪರ್ಧೆ ಹುಟ್ಟಿದ ಗಳಿಗೆಯಲ್ಲೇ ಆರಂಭವಾಗುತ್ತದೆ. ಕೇವಲ ಮೂರು ವಾರಗಳ ಗರ್ಭಧಾರಣೆಯ ನಂತರ ಅಕ್ಕಿಕಾಳಿನಷ್ಟು ಚಿಕ್ಕದಾದ 20ಕ್ಕೂ ಹೆಚ್ಚು ಮರಿಗಳು ಹುಟ್ಟಿ ತಾಯಿಯ ಚೀಲದತ್ತ ತೆವಳುತ್ತವೆ. ಆದರೆ ಅಲ್ಲಿರುವುದು ನಾಲ್ಕೇ ಮೊಲೆತೊಟ್ಟುಗಳು, ಆದ್ದರಿಂದ ಉಳಿಯುವುದು ಹೆಚ್ಚೆಂದರೆ ನಾಲ್ಕು ಮರಿಗಳು. ಅವು ಸುಮಾರು ನಾಲ್ಕು ತಿಂಗಳು ಚೀಲದಲ್ಲೇ ಬೆಳೆಯುತ್ತವೆ. ಚೀಲದ ಬಾಯಿ ಹಿಂಬದಿಗಿರುವುದರಿಂದ ತಾಯಿ ನೆಲ ಬಗೆಯುವಾಗ ಮಣ್ಣು ಒಳಸೇರುವುದಿಲ್ಲ.

ಅಳಿವಿನ ಭೀತಿಯಂತೂ ನಿಜ. ಆಹಾರಕ್ಕಾಗಿ, ಸಂಗಾತಿಗಾಗಿ ಜಗಳವಾಡುವಾಗ ಪರಸ್ಪರ ಮುಖ ಕಚ್ಚುವುದು ಇವುಗಳ ಹಳೆಯ ಅಭ್ಯಾಸ. 1996ರಲ್ಲಿ ದ್ವೀಪದ ಈಶಾನ್ಯ ಭಾಗದಲ್ಲಿ ಮೊದಲು ಕಂಡುಬಂದ ಮುಖದ ಗೆಡ್ಡೆ ರೋಗ ಹರಡುತ್ತಿರುವುದು ಇದೇ ಕಚ್ಚಾಟದಿಂದ. ಇದೊಂದು ಅಪರೂಪದ ಸಾಂಕ್ರಾಮಿಕ ಕ್ಯಾನ್ಸರ್: ಹರಡುವುದು ವೈರಾಣುವಲ್ಲ, ಜೀವಂತ ಕ್ಯಾನ್ಸರ್ ಕೋಶಗಳೇ ಗಾಯದ ಮೂಲಕ ಇನ್ನೊಂದರ ದೇಹ ಸೇರಿ ಅಲ್ಲಿ ಬೆಳೆಯುತ್ತವೆ, ಮತ್ತು ಆ ದೇಹದ ರೋಗನಿರೋಧಕ ವ್ಯವಸ್ಥೆ ಅವುಗಳನ್ನು ಪರಕೀಯವೆಂದು ಗುರುತಿಸುವುದಿಲ್ಲ. ಬಾಯಿಯ ಸುತ್ತ ಬೆಳೆಯುವ ಗೆಡ್ಡೆಗಳಿಂದ ತಿನ್ನಲಾಗದೆ, ರೋಗ ಕಾಣಿಸಿಕೊಂಡ ಕೆಲವೇ ತಿಂಗಳಲ್ಲಿ ಪ್ರಾಣಿ ಸಾಯುತ್ತದೆ. 2008ರಲ್ಲಿ ಇದನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಲಾಯಿತು.

ರೋಗವಿಲ್ಲದ ಪ್ರಾಣಿಗಳನ್ನು 2012ರಲ್ಲಿ ಮರಾಯ ದ್ವೀಪಕ್ಕೂ, 2020ರಲ್ಲಿ ಆಸ್ಟ್ರೇಲಿಯದ ಮುಖ್ಯ ಭೂಭಾಗದ ಬ್ಯಾರಿಂಗ್ಟನ್ ಟಾಪ್ಸ್‌ನಲ್ಲಿ ಬೇಲಿ ಹಾಕಿದ ರಕ್ಷಿತ ಪ್ರದೇಶಕ್ಕೂ ಬಿಡಲಾಗಿದೆ. ಸುಮಾರು 3,000 ವರ್ಷಗಳ ಹಿಂದೆ ಈ ಪ್ರಾಣಿ ಕಣ್ಮರೆಯಾಗಿದ್ದ ಆ ನೆಲದಲ್ಲಿ, 2021ರಲ್ಲಿ ಮರಿಗಳು ಹುಟ್ಟಿದವು.