ಗುಂಪಿನಲ್ಲಿ ಮೆರೆದ ರ‍್ಯಾಪರ್ ಒಬ್ಬನೇ ಬಂದಾಗ ಯಾಕೆ ಅಷ್ಟು ಓಡಲ್ಲ?

ನೀವು ಕೇಳಿದ್ದು ಇಷ್ಟು: ತಂಡದಲ್ಲಿದ್ದಾಗ ಎಲ್ಲರಿಗಿಂತ ಚೆನ್ನಾಗಿ ಹಾಡುತ್ತಿದ್ದವನು ಸೋಲೋ ಆಲ್ಬಂ ಮಾಡಿದರೆ ಯಾಕೆ ಆ ಮಟ್ಟಕ್ಕೆ ಬರುವುದಿಲ್ಲ, ಪ್ರತಿಭೆ ಅದೇ ಅಲ್ವಾ?

ಪ್ರತಿಭೆ ಅದೇ. ಅಳತೆ ಬೇರೆ.

ನಾನು ಸಂಗೀತದ ಪಂಡಿತನಲ್ಲ. ಶಿವಮೊಗ್ಗದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತೇನೆ. ಮದುವೆ, ಗಣಪತಿ, ತಾಳಮದ್ದಲೆ, ಕಾಲೇಜು ಫೆಸ್ಟ್, ಕರೆದಲ್ಲಿಗೆ ಹೋಗಿ ಮಿಕ್ಸರ್ ಹಿಂದೆ ಕೂರುವವನು. ವೇದಿಕೆ ಮೇಲಿರುವವನ ಉಸಿರು ಎಲ್ಲಿ ಕಟ್ಟಿತು ಅನ್ನುವುದು ಸಭೆಗಿಂತ ಮೊದಲು ಹೆಡ್‌ಫೋನ್ ಹಾಕಿಕೊಂಡ ನನಗೆ ಗೊತ್ತಾಗುತ್ತದೆ. ರ‍್ಯಾಪ್ ಹುಚ್ಚು ಬೇರೆ ಇದೆ. ಈ ಎರಡರ ಬಲದ ಮೇಲೆ ಹೇಳುತ್ತಿದ್ದೇನೆ.

ಒಂದು ಸಣ್ಣ ಲೆಕ್ಕ ನೋಡಿ. ಹಾಡಿನಲ್ಲಿ ಒಬ್ಬ ರ‍್ಯಾಪರ್ ಪಾಲಿಗೆ ಸಾಮಾನ್ಯವಾಗಿ ಬರುವುದು 16 ಬಾರ್, ಅಂದರೆ ತಾಳದ 16 ಸುತ್ತು. ಒಂದೊಂದಕ್ಕೆ 4 ಬೀಟು, ಒಟ್ಟು 64. ನಿಮಿಷಕ್ಕೆ 90 ಬೀಟಿನ ವೇಗವಿದ್ದರೆ ಹೆಚ್ಚುಕಡಿಮೆ 43 ಸೆಕೆಂಡು. ಅವನು ಬಂದ, ಬಾರಿಸಿದ, ಹೋದ. ನಮಗೆ ಇನ್ನೂ ಬೇಕು ಅನ್ನಿಸುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿ ಎಲೆಯ ತುದಿಯಲ್ಲಿ ಒಂದಿದ್ದರೆ ಎರಡು ತುತ್ತು ಜಾಸ್ತಿ ಊಟ ಸೇರುತ್ತದೆ. ಹಾಗಂತ ಅನ್ನದ ಜಾಗಕ್ಕೆ ಅದನ್ನೇ ಬಡಿಸಿದರೆ ಏಳುವವರೇ ಜಾಸ್ತಿ.

ಇದನ್ನು ನಾನು ಕಣ್ಣಾರೆ ಕಂಡದ್ದು ಸಾಗರದ ಕಡೆಯ ಒಂದು ಕಾಲೇಜು ಫೆಸ್ಟಿನಲ್ಲಿ. ಮೂವರು ಹುಡುಗರ ಕನ್ನಡ ರ‍್ಯಾಪ್ ತಂಡ. ಒಬ್ಬನದು ದಪ್ಪ ದನಿ, ನಿಧಾನ. ಇನ್ನೊಬ್ಬ ನಗಿಸುವವನು, ಸಾಲಿನ ಕೊನೆಗೆ ಏನಾದರೂ ಕಿತಾಪತಿ ಇಟ್ಟೇ ಇರುತ್ತಿದ್ದ. ಮೂರನೆಯವನು ಕಡ್ಡಿಯ ಹಾಗಿದ್ದ, ಎಲ್ಲರಾದ ಮೇಲೆ ಬರುತ್ತಿದ್ದ. ಬಾಯಿ ತೆರೆದರೆ ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ. ಹುಡುಗರು ಎದ್ದು ನಿಂತು ಅವನ ಹೆಸರು ಕೂಗಿದರು. ಆಮೇಲೆ ಊರಿನವರೆಲ್ಲ ಅವನ ಕಿವಿ ಊದಿದರು. "ನೀನೊಬ್ಬನೇ ಸಾಕು ಮಾರಾಯ, ಅವರಿಬ್ಬರು ಯಾಕೆ?"

ಮರುವರ್ಷ ಅವನೊಬ್ಬನೇ ಬಂದ. ಕೈಯಲ್ಲಿ ಪೆನ್‌ಡ್ರೈವ್. "ಅಣ್ಣಾ, ಒಂದೇ ಮೈಕ್ ಸಾಕು" ಅಂದ. ಹಾಡು ಶುರುವಾದಾಗ ನಾನು ಗಮನಿಸಿದ್ದು ಅವನು ನಿಂತ ಜಾಗ. ವೇದಿಕೆಯ ಬಲ ಅಂಚಿಗೆ ನಿಂತಿದ್ದ. ತಂಡದಲ್ಲಿ ಅದೇ ಅವನ ಜಾಗ ಆಗಿತ್ತಲ್ಲ. ನಟ್ಟನಡುವೆ ಬಿಟ್ಟ ಲೈಟು ಖಾಲಿ ಹಲಗೆಯ ಮೇಲೆ ಬೀಳುತ್ತಿತ್ತು. ಮೊದಲ ಹಾಡು ಚೆನ್ನಾಗೇ ಹೋಯಿತು. ಎರಡನೆಯದರಲ್ಲಿ ಸಾಲಿನ ಕೊನೆಯ ಅಕ್ಷರಗಳು ನುಂಗಿ ಹೋಗತೊಡಗಿದವು. ಫೇಡರ್ ಏರಿಸಿದರೆ ಮಾತಿಗಿಂತ ಏದುಸಿರೇ ಜಾಸ್ತಿ ಕೇಳಿಸಿತು. ಸ್ವಲ್ಪ ಎಕೋ ಹಾಕಿ ಮುಚ್ಚಿದೆ. ಸಾಲು ಮುಗಿದಾಗಲೆಲ್ಲ ಅವನ ಕುತ್ತಿಗೆ ಎಡಕ್ಕೆ ಹೊರಳುತ್ತಿತ್ತು. ಕೊನೆಯ ಮಾತನ್ನು ಎತ್ತಿಕೊಳ್ಳಲು ಆ ದಪ್ಪ ದನಿಯವನು ಅಲ್ಲಿ ಇರುತ್ತಿದ್ದ. ನಾಲ್ಕನೇ ಹಾಡಿಗೆ ಹಿಂದಿನ ಸಾಲಿನವರು ಗೋಬಿ ಮಂಚೂರಿ ಗಾಡಿಯ ಹತ್ತಿರ ಇದ್ದರು.

ಇಳಿದು ಬಂದವನು "ಅಣ್ಣಾ, ಮಾನಿಟರ್ ಸರಿ ಇರಲಿಲ್ಲ ಅಲ್ವಾ?" ಅಂದ. ಮಾನಿಟರ್ ಅಂದರೆ ಹಾಡುವವನಿಗೆ ತನ್ನ ದನಿ ಕೇಳಿಸುವ ಸ್ಪೀಕರ್, ಅದು ಸರಿಯಾಗೇ ಇತ್ತು. "ಹೌದು, ಸ್ವಲ್ಪ ತೊಂದರೆ ಕೊಡ್ತು" ಅಂದೆ.

ಉಸಿರಿನ ಈ ವಿಷಯ ನಮ್ಮ ಕಡೆಯವರಿಗೆ ಹೊಸದೇನಲ್ಲ. ದೀಪಾವಳಿಯಲ್ಲಿ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ರಾತ್ರಿಯಿಡೀ ಮನೆಯಿಂದ ಮನೆಗೆ ನಡೆಯುತ್ತಾರೆ. ಮುಂದಿನವರು ಸೊಲ್ಲು ಹೇಳಿದರೆ ಹಿಂದಿನವರು ಎತ್ತಿಕೊಳ್ಳುತ್ತಾರೆ. ಅಷ್ಟರಲ್ಲಿ ಮುಂದಿನವರಿಗೆ ಉಸಿರು ಸಿಗುತ್ತದೆ, ಮುಂದಿನ ಸಾಲು ನೆನಪಾಗುತ್ತದೆ. ಅಮೆರಿಕದ ಮಿಗೋಸ್ ತಂಡದ ಹಾಡು ಕೇಳಿದರೆ ಇದೇ ಕೆಲಸ ಕಾಣುತ್ತದೆ. ಒಬ್ಬ ಹಾಡುವಾಗ ಮಿಕ್ಕವರು ಹಿಂದಿನಿಂದ ಒಂದೊಂದು ಪದ ಕೂಗುತ್ತಾರೆ. ಸುಮ್ನೆ ಗಲಾಟೆ ಅನ್ನಿಸಬಹುದು, ಆದರೆ ಹಾಡಿನ ಅರ್ಧ ಜೀವ ಅದೇ. 2017 ಮತ್ತು 2018ರಲ್ಲಿ ತಂಡದ ಎರಡು ಆಲ್ಬಂ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋದವು. ಆಮೇಲೆ 2018ರ ಅಕ್ಟೋಬರಿನಲ್ಲಿ ಕ್ವೇವೊ, ನವೆಂಬರಿನಲ್ಲಿ ಟೇಕಾಫ್, 2019ರ ಫೆಬ್ರವರಿಯಲ್ಲಿ ಆಫ್‌ಸೆಟ್, ಹೀಗೆ ತಂಡದ ಮೂವರೂ ಬೇರೆ ಬೇರೆ ಆಲ್ಬಂ ಬಿಟ್ಟರು. ಒಂದೂ ಮೊದಲ ಸ್ಥಾನ ಮುಟ್ಟಲಿಲ್ಲ. ಐದು ತಿಂಗಳೊಳಗೆ ಒಂದೇ ಮನೆಯಿಂದ ಮೂರು ಅಂಗಡಿ ತೆರೆದರೆ ಗಿರಾಕಿ ಹಂಚಿ ಹೋಗುತ್ತಾನೆ, ಅದೂ ಒಂದು ಕಾರಣ. ಹಾಗೆ ನೋಡಿದರೆ ಕ್ವೇವೊ ಎರಡನೇ ಸ್ಥಾನಕ್ಕೆ ಬಂದಿದ್ದ. ಎರಡನೆಯವನಾಗಿ ಬಂದವನನ್ನೂ ಸೋತ ಅನ್ನುತ್ತೇವೆ, ತಂಡದ ಪಕ್ಕ ಇಟ್ಟು ನೋಡುವುದೇ ಅಷ್ಟು ಕೆಟ್ಟ ಚಾಳಿ.

ಆದರೆ ನಿಮ್ಮ ಪ್ರಶ್ನೆಗೆ ನಿಜವಾದ ಪಾಠಶಾಲೆ ವೂ-ಟ್ಯಾಂಗ್ ಕ್ಲ್ಯಾನ್. ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್ ಕಡೆಯವರು. 1993ರ ಮೊದಲ ಆಲ್ಬಂ ಹೊತ್ತಿಗೆ ಒಂಬತ್ತು ಜನ. ಅವರ ನಾಯಕ ರಿಝಾ ಆಗಲೇ ಒಂದು ಜಾಣತನ ಮಾಡಿದ್ದ. ತಂಡ ಒಂದು ಕಂಪನಿಗೆ ಸಹಿ ಹಾಕಿದರೂ ಪ್ರತಿಯೊಬ್ಬನೂ ತನಗೆ ಬೇಕಾದ ಕಂಪನಿಯಲ್ಲಿ ಸೋಲೋ ಮಾಡಬಹುದು ಅಂತ ಒಪ್ಪಂದದಲ್ಲೇ ಬರೆಸಿದ್ದ. 1994ರಲ್ಲಿ ಮೆಥಡ್ ಮ್ಯಾನ್, 1995ರಲ್ಲಿ ರೇಕ್ವಾನ್, ಜಿಝಾ, ಹೀಗೆ ಸಾಲಾಗಿ ಬಂದರು, ಗೆದ್ದರು. ಎಲ್ಲರೂ ಸೋಲೋ ಅಂತಲೇ ಕರೆದರು. ಒಳಗೆ ಹೋಗಿ ನೋಡಿದರೆ ಬೀಟು, ಅಂದರೆ ಮಾತಿನ ಹಿಂದೆ ಓಡುವ ಸಂಗೀತ, ಹೆಚ್ಚಾಗಿ ರಿಝಾನದೇ. ರೇಕ್ವಾನ್ ಆಲ್ಬಂನಲ್ಲಂತೂ ಮುಕ್ಕಾಲು ಭಾಗ ಘೋಸ್ಟ್‌ಫೇಸ್ ಕಿಲ್ಲಾ ಜೊತೆಗಿದ್ದಾನೆ. ಮುಖಪುಟದಲ್ಲೂ ಇಬ್ಬರ ಮುಖ!

ತಾಳಮದ್ದಲೆ ಕೇಳುವವರಿಗೆ ಇದು ತಕ್ಷಣ ಹೊಳೆಯುತ್ತದೆ. ವಾಲಿಯ ಅರ್ಥ ಹೇಳುವವರು ಎಷ್ಟೇ ದೊಡ್ಡವರಿರಲಿ, ಎದುರಿಗೆ ಸರಿಯಾದ ರಾಮ ಕೂರದಿದ್ದರೆ ಆ ರಾತ್ರಿ ಏಳುವುದಿಲ್ಲ. ಮತ್ತೆ ಭಾಗವತರು. ಅರ್ಥಧಾರಿ ಮಾತಿನ ಅಮಲಿನಲ್ಲಿ ಎಲ್ಲೋ ಹೋಗುತ್ತಿದ್ದರೆ ಮುಂದಿನ ಪದ ಎತ್ತಿ ಬಿಡುತ್ತಾರೆ. ಮುಗಿಯಿತು, ಅಲ್ಲಿಗೆ ನಿಲ್ಲಿಸಲೇಬೇಕು. ನಾನು ಎಷ್ಟೋ ಸಲ ಮಿಕ್ಸರ್ ಹಿಂದಿನಿಂದ ಮನಸ್ಸಿನಲ್ಲೇ ಭಾಗವತರಿಗೆ ಕೈ ಮುಗಿದಿದ್ದೇನೆ. ಸೋಲೋ ಹೋದ ರ‍್ಯಾಪರ್‌ಗೆ ಈ "ಸಾಕು" ಅನ್ನುವ ಮನುಷ್ಯ ಇರುವುದಿಲ್ಲ. ಇರುವವರೆಲ್ಲ ಅವನ ಸಂಬಳ ತಿನ್ನುವವರು, ಅವರು ಸಾಕು ಅನ್ನುತ್ತಾರಾ?

ವೂ-ಟ್ಯಾಂಗ್ ತಂಡದಲ್ಲೇ ಇನ್‌ಸ್ಪೆಕ್ಟಾ ಡೆಕ್ ಅಂತ ಒಬ್ಬನಿದ್ದಾನೆ. ನನಗೆ ಅವನೆಂದರೆ ಪ್ರಾಣ. ತಂಡದ ಮೊದಲ ಸಿಂಗಲ್‌ನಲ್ಲಿ ಮೊದಲ ಸರದಿ ಅವನದೇ. 1997ರ ಎರಡನೇ ಆಲ್ಬಂನ ದೊಡ್ಡ ಹಾಡನ್ನೂ ಅವನೇ ತೆರೆಯುತ್ತಾನೆ. ಮಿಕ್ಕವರ ಜೊತೆಗೇ ಅವನ ಆಲ್ಬಂ ಕೂಡ ಬರಬೇಕಿತ್ತು. ಅಷ್ಟರಲ್ಲಿ ರಿಝಾನ ನೆಲಮಾಳಿಗೆ ಸ್ಟುಡಿಯೊಗೆ ನೀರು ನುಗ್ಗಿ ಅವನಿಗಾಗಿ ಮಾಡಿಟ್ಟ ಬೀಟುಗಳು ಹಾಳಾದವು. ಶಿವಮೊಗ್ಗದ ಕೋರ್ಪಲಯ್ಯನ ಛತ್ರದ ಹತ್ತಿರ ತುಂಗೆಯ ಮಂಟಪ ಮುಳುಗಿತಾ ಅಂತ ಪ್ರತಿ ಮಳೆಗಾಲ ನೋಡಲು ಹೋಗುವ ನಮಗೆ ನೀರು ಏನು ಮಾಡುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಡೆಕ್ ಆಲ್ಬಂ ಬಂದದ್ದು 1999ರಲ್ಲಿ. ಆ ಹೊತ್ತಿಗೆ ತಂಡದ ಅಲೆ ಇಳಿದಿತ್ತು. ನನ್ನ ಮಟ್ಟಿಗೆ ಅದು ಕೆಟ್ಟ ಆಲ್ಬಂ ಅಲ್ಲ. ತಡವಾಯಿತು, ಅಷ್ಟೇ. ಕೆಲವು ಸಲ ಉತ್ತರ ಇಷ್ಟು ಸಣ್ಣದು.

ಹಾಗಾದರೆ ಗೆದ್ದವರು ಹೇಗೆ ಗೆದ್ದರು ಅಂತ ಕೇಳುತ್ತೀರಿ. ಐಸ್ ಕ್ಯೂಬ್ ದುಡ್ಡಿನ ಜಗಳದಲ್ಲಿ 1989ರಲ್ಲಿ ಎನ್.ಡಬ್ಲ್ಯೂ.ಎ. ಬಿಟ್ಟ. ಆ ತಂಡದ ಸಾಲುಗಳನ್ನು ಬರೆಯುತ್ತಿದ್ದವರಲ್ಲಿ ಅವನೇ ಮುಖ್ಯ, ಬೇರೆಯವರ ಬಾಯಿಗೂ ಅವನೇ ಬರೆದುಕೊಡುತ್ತಿದ್ದ. ಬಿಟ್ಟವನು ಒಬ್ಬನೇ ಕೂರಲಿಲ್ಲ. ನ್ಯೂಯಾರ್ಕಿಗೆ ಹೋಗಿ ಪಬ್ಲಿಕ್ ಎನಿಮಿ ತಂಡದ ಸಂಗೀತಗಾರರನ್ನು ಹಿಡಿದ. ಒಂದು ಹಿಮ್ಮೇಳ ಬಿಟ್ಟು ಅದಕ್ಕಿಂತ ಗಟ್ಟಿ ಹಿಮ್ಮೇಳ ಕಟ್ಟಿಕೊಂಡ. 1990ರ ಆಲ್ಬಂ ಗೆದ್ದದ್ದು ಹಾಗೆ.

ಫ್ಯೂಜೀಸ್ ತಂಡದಲ್ಲಿ ಮೂವರು. 1996ರ ಆಲ್ಬಂ ಜಗತ್ತೆಲ್ಲ ಓಡಿತು. 1998ರಲ್ಲಿ ಲಾರಿನ್ ಹಿಲ್ ಒಬ್ಬಳೇ ಬಂದಳು, ಮರುವರ್ಷ ಐದು ಗ್ರ್ಯಾಮಿ ತೆಗೆದುಕೊಂಡು ಹೋದಳು. ಅವಳು ರ‍್ಯಾಪೂ ಮಾಡುತ್ತಾಳೆ, ಹಾಡುತ್ತಾಳೆ ಕೂಡ. ತಾನೇ ಸೊಲ್ಲು ಹೇಳಿ ತಾನೇ ಎತ್ತಿಕೊಳ್ಳಬಲ್ಲಳು. ಹೇಳಲು ತನ್ನದೇ ಕತೆಯೂ ಇತ್ತು. ತಂಡದಲ್ಲಿ ಯಾರೂ ನೀನು ಯಾರು ಅಂತ ಕೇಳುವುದಿಲ್ಲ, ಜಂಬ ಕೊಚ್ಚಿದರೆ ನಡೆಯುತ್ತದೆ. ಹದಿನಾಲ್ಕು ಹಾಡು ಒಬ್ಬನದೇ ಕೇಳುವಾಗ ಐದನೆಯದಕ್ಕೆ ಆ ಪ್ರಶ್ನೆ ಬಂದೇ ಬರುತ್ತದೆ. ಅದೇ ಫ್ಯೂಜೀಸ್ ತಂಡದ ಇನ್ನೊಬ್ಬ ಪ್ರಾಸ್. ಬರೆದರೆ ನಮ್ಮ ಪ್ರಾಸದ ಹಾಗೇ ಕಾಣುತ್ತದೆ, ಪಾಪ. ಅವನದೂ 1998ರಲ್ಲಿ ಒಂದು ಹಾಡು ಭರ್ಜರಿ ಹಿಟ್ ಆಯಿತು. ಅದರಲ್ಲೂ ಜೊತೆಗೆ ಇಬ್ಬರಿದ್ದರು. ಆಲ್ಬಂ ಆ ಹಾಡಿನಷ್ಟು ದೂರ ಹೋಗಲಿಲ್ಲ.

ಸಾಗರದ ಫೆಸ್ಟಿನ ಆ ಹುಡುಗ ಏನಾದ ಅಂತ ಕೇಳಿದರೆ, ಈ ವರ್ಷ ಫೋನ್ ಮಾಡಿದ್ದ. "ಅಣ್ಣಾ, ಈ ಸಲ ಎರಡು ಕಾರ್ಡ್‌ಲೆಸ್ ಬೇಕು." ಎರಡನೆಯದು ಅವನ ಚಿಕ್ಕಪ್ಪನ ಮಗಳಿಗೆ, ಭಜನೆ ಹಾಡಿ ಬೆಳೆದ ಹುಡುಗಿ. ಅವನ ಸಾಲು ಮುಗಿಯುವ ಹೊತ್ತಿಗೆ ಸರಿಯಾಗಿ ಎತ್ತಿಕೊಳ್ಳುತ್ತಿದ್ದಳು, ನನಗೆ ಎಕೋ ಮುಟ್ಟುವ ಕೆಲಸವೇ ಬೀಳಲಿಲ್ಲ. ಬ್ಯಾನರಿನಲ್ಲಿ ಹೆಸರು ಮಾತ್ರ ಅವನೊಬ್ಬನದೇ ಇತ್ತು. ನಿಂತದ್ದು ಮತ್ತೆ ಬಲ ಅಂಚಿಗೇ.